ಕಲ್ಲಿಗೂ ಒಂದು ವಿಳಾಸ

"ಏನೇ ಇದು? ಎಲ್ಲಿಂದ ಬಂತು ನಿನ್ ಹತ್ರ?"

ಮೋಟೆಲ್ ರೂಮಿನಲ್ಲಿ ಅಕ್ಕನ ದನಿ ಸ್ವಲ್ಪ ಜೋರಾಗಿಯೇ ಕೇಳಿಸಿತು. ಮಗಳ ಜಾಕೆಟ್ ಜೇಬಿನಲ್ಲಿ ತುಂಬಿಕೊಂಡಿದ್ದ ಟಿಶ್ಯೂ, ಚಾಕೊಲೇಟ್ ಕಾಗದ ಎಲ್ಲ ತೆಗೆದು ಕಸದ ಬುಟ್ಟಿಗೆ ಹಾಕುತ್ತಿದ್ದಳು. ಅದರ ಜೊತೆ ಒಂದು ಕಲ್ಲೂ ಬಂತು. ಹೆಬ್ಬೆರಳಿನಷ್ಟು ಗಾತ್ರ. ಒಂದು ಕಡೆ ಇಟ್ಟಿಗೆಯ ಕೆಂಪು, ಇನ್ನೊಂದು ಕಡೆ ಅರಿಶಿನ, ನಡುವೆ ಎಳೆ ಎಳೆಯಾಗಿ ಬಿಳಿ ಗೆರೆ. ನೋಡಿದರೆ ಮರದ ಚಕ್ಕೆ. ಕೈಯಲ್ಲಿ ಹಿಡಿದಾಗ ಮಾತ್ರ ಗೊತ್ತಾಗುತ್ತೆ, ಕಲ್ಲು ಅಂತ.

ಪುಟ್ಟಿಗೆ ಒಂಬತ್ತು ವರ್ಷ. ಅವಳು ಮೊದಲು ಅಮ್ಮನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅಳು ಬರೋದಕ್ಕೆ ರೆಡಿಯಾಗಿತ್ತು. ಯಾಕಂದರೆ ಆ ಕಲ್ಲು ಎತ್ತಿಕೊಳ್ಳಬಾರದು ಅಂತ ಅವಳಿಗೆ ಅವತ್ತು ಬೆಳಿಗ್ಗೆಯೇ ಚೆನ್ನಾಗಿ ಗೊತ್ತಿತ್ತು. ಹೇಳಿದ್ದು ನಾನೇ.

ಆಫೀಸ್ ಕೆಲಸದ ಮೇಲೆ ಮೂರು ವಾರ ಅರಿಜೋನಾಕ್ಕೆ ಹೋಗಿದ್ದೆ. ಅಕ್ಕ, ಭಾವ ಇರುವುದು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಅಕ್ಟೋಬರ್ ಕೊನೆಯ ವೀಕೆಂಡಿಗೆ ಇನ್ನೊಂದು ದಿನ ರಜೆ ಸೇರಿಸಿ, ನಾಲ್ಕೂ ಜನ ಕಾರಿನಲ್ಲಿ ಹೊರಟೆವು. ಗ್ರ್ಯಾಂಡ್ ಕ್ಯಾನ್ಯನ್ ಬೇಡ, ಎಲ್ಲರೂ ಅಲ್ಲಿಗೇ ಹೋಗ್ತಾರೆ ಅಂದಿದ್ದು ಭಾವ. ಹಾಗಾಗಿ ಮೊದಲ ದಿನ ಪೆಟ್ರಿಫೈಡ್ ಫಾರೆಸ್ಟ್, ಎರಡನೇ ದಿನ ನವಾಹೊ ಜನರ ನಾಡಿನಲ್ಲಿರುವ ಕ್ಯಾನ್ಯನ್ ಡಿ ಶೇ.

ಆ ದಾರಿಯಲ್ಲಿ ಕಾರು ಓಡಿಸುವುದೇ ಒಂದು ಅನುಭವ. ಬೆಳಗಿನ ಜಾವ ಹೊರಟಾಗ ಎರಡೂ ಬದಿಗೆ ಆಳೆತ್ತರ ಮೀರಿದ ಸಗ್ವಾರೊ ಕಳ್ಳಿಗಳು ಕೈ ಎತ್ತಿ ನಿಂತಿರುತ್ತವೆ. ಪೇಸನ್ ಊರು ದಾಟುವಷ್ಟರಲ್ಲಿ ಪೈನ್ ಕಾಡು, ಹಲ್ಲು ಕಡಿಯುವ ಚಳಿ. ಅಲ್ಲಿಂದ ಮುಂದೆ ಹೀಬರ್ ದಾಟಿ ಹೋಲ್‌ಬ್ರುಕ್ ಕಡೆ ಇಳಿದರೆ ಮರಗಳೆಲ್ಲ ಎಲ್ಲೋ ಕಳಚಿ ಬಿದ್ದು, ಬರೀ ಆಕಾಶ. ರಸ್ತೆ ಅಡಿಪಟ್ಟಿ ಇಟ್ಟು ಗೆರೆ ಎಳೆದ ಹಾಗೆ. ನಮ್ಮ ಸಿಲ್ಕ್ ಬೋರ್ಡಿನಲ್ಲಿ ಕಾರು ಓಡಿಸಿದ ಕಾಲು ಬ್ರೇಕ್ ಹುಡುಕಿ ಹುಡುಕಿ ಬೇಜಾರು ಮಾಡಿಕೊಂಡಿತು.

ಪೆಟ್ರಿಫೈಡ್ ಫಾರೆಸ್ಟ್ ಅನ್ನುವ ಹೆಸರು ಕೇಳಿ ಕಾಡು ಅಂದುಕೊಂಡರೆ ಮೋಸ ಹೋಗುತ್ತೀರಿ. ಅಲ್ಲಿ ನಿಂತ ಮರ ಒಂದೂ ಇಲ್ಲ. ಬೂದಿ, ನೀಲಿ, ನೇರಳೆ ಬಣ್ಣದ ಮಣ್ಣುಗುಡ್ಡಗಳ ನಡುವೆ ದಿಮ್ಮಿಗಳು ಬಿದ್ದಿವೆ, ಎಲ್ಲವೂ ಕಲ್ಲು. 20 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ನದಿಗಳು ಹರಿಯುತ್ತಿದ್ದವು. ಉರುಳಿದ ಮರಗಳು ಕೊಚ್ಚಿಕೊಂಡು ಬಂದು ಹೂಳಿನಲ್ಲಿ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದವು. ಗಾಳಿ ತಾಗದ್ದರಿಂದ ಬೇಗ ಕೊಳೆಯಲಿಲ್ಲ. ಬೂದಿಯಿಂದ ನೀರಿಗೆ ಬಿಟ್ಟುಕೊಂಡ ಸಿಲಿಕಾ ಮರದೊಳಗೆ ಇಳಿದು, ಮರ ಇದ್ದ ಜಾಗದಲ್ಲಿ ನಿಧಾನಕ್ಕೆ ಸ್ಫಟಿಕ ಕೂತುಕೊಂಡಿತು. ಕಬ್ಬಿಣದ ಅಂಶ ಇದ್ದಲ್ಲಿ ಕೆಂಪು, ಹಳದಿ. ಮ್ಯಾಂಗನೀಸ್ ಇದ್ದಲ್ಲಿ ಕಪ್ಪು, ನೇರಳೆ. ದಿಮ್ಮಿಗಳನ್ನು ಯಾರೋ ಗರಗಸದಲ್ಲಿ ಕೊಯ್ದು ಜೋಡಿಸಿಟ್ಟ ಹಾಗೆ ಕಾಣುತ್ತದೆ. ಕೊಯ್ದದ್ದಲ್ಲ, ಭೂಮಿ ಅಲುಗಿದಾಗ ಸ್ಫಟಿಕ ಹಾಗೆ ನೇರವಾಗಿ ಬಿರುಕು ಬಿಡುತ್ತದೆ.

ದಕ್ಷಿಣದ ಗೇಟಿನಲ್ಲಿ ರೇಂಜರ್ ಮೊದಲೇ ಕೇಳಿದ್ದರು, ಕಾರಿನಲ್ಲಿ ಈಗಾಗಲೇ ಕಲ್ಲುಮರದ ಚೂರು ಏನಾದರೂ ಇದೆಯಾ ಅಂತ. ಪಾರ್ಕಿನ ಹೊರಗೆ ಖಾಸಗಿ ಜಮೀನಿನಲ್ಲಿ ತೆಗೆದ ಚೂರುಗಳನ್ನು ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರುತ್ತಾರೆ, ಅದು ಕಾನೂನಿನ ಪ್ರಕಾರ ಸರಿ. ಪಾರ್ಕಿನೊಳಗಿನದು ಒಂದು ಚೂರು ಎತ್ತಿಕೊಂಡರೂ ಅಪರಾಧ.

ಗೇಟು ದಾಟಿದ ಕೂಡಲೇ ಒಂದು ಸಣ್ಣ ಮ್ಯೂಸಿಯಂ. ಡೈನೊಸಾರ್ ಕಾಲದ ಎಲುಬುಗಳಿವೆ, ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪತ್ರಗಳು. ಇಲ್ಲಿಂದ ಕಲ್ಲು ಕದ್ದುಕೊಂಡು ಹೋದವರು, ಎಷ್ಟೋ ವರ್ಷ ಆದಮೇಲೆ ಅದನ್ನು ಪಾರ್ಸೆಲ್ ಮಾಡಿ, ಜೊತೆಗೆ ಬರೆದು ಕಳಿಸಿದ ಪತ್ರಗಳು. ಕಲ್ಲು ತಂದಮೇಲೆ ಮನೆಯಲ್ಲಿ ಒಂದಾದ ಮೇಲೆ ಒಂದು ಕೇಡಾಯಿತು, ದಯವಿಟ್ಟು ವಾಪಸ್ ಇಟ್ಟುಬಿಡಿ ಎನ್ನುವವರು ಬಹಳ ಮಂದಿ. ಶಾಪ ಗೀಪ ಏನಿಲ್ಲ, ಮನಸ್ಸು ತಡೆಯಲಿಲ್ಲ ಅಷ್ಟೇ ಎನ್ನುವವರೂ ಇದ್ದಾರೆ. ಮಕ್ಕಳ ಅಕ್ಷರದವೂ ಇವೆ.

ನಮ್ಮಲ್ಲಿ ಇದಕ್ಕೆ ಹೆಸರೇ ಇದೆಯಲ್ಲ, ತಪ್ಪುಕಾಣಿಕೆ. ಹುಂಡಿಗೆ ಹಾಕಿ ಕೈಮುಗಿದು ಬಂದರೆ ಮುಗೀತು.

ಮುಗಿಯೋದಿಲ್ಲ ಅನ್ನುವುದೇ ಇಲ್ಲಿನ ಕಥೆ. ವಾಪಸ್ ಬಂದ ಕಲ್ಲುಗಳನ್ನು ಪಾರ್ಕಿನವರು ಮತ್ತೆ ಕಾಡಿನಲ್ಲಿ ಇಡುವುದಿಲ್ಲ. ಇಡಲಿಕ್ಕೆ ಬರುವುದೂ ಇಲ್ಲ. ಯಾವ ಗುಡ್ಡದ, ಯಾವ ಪದರದ, ಯಾವ ದಿಮ್ಮಿಯ ಪಕ್ಕದ್ದು ಅಂತ ಗೊತ್ತಿಲ್ಲವಲ್ಲ. ಒಂದು ಚೂರು ಯಾವ ಮಟ್ಟದಲ್ಲಿ ಬಿದ್ದಿತ್ತು ಅನ್ನುವುದರ ಮೇಲೆ ಅದರ ವಯಸ್ಸು, ಆಗಿನ ನದಿ, ಆಗಿನ ಹವಾಮಾನ ಎಲ್ಲ ಲೆಕ್ಕ ಹಾಕುತ್ತಾರೆ. ತಪ್ಪು ಜಾಗದಲ್ಲಿ ಇಟ್ಟರೆ ಆ ಕಲ್ಲು ಸುಳ್ಳು ಹೇಳಲು ಶುರು ಮಾಡುತ್ತದೆ. ಹಾಗಾಗಿ ಸಿಬ್ಬಂದಿ ಓಡಾಡುವ ಒಂದು ರಸ್ತೆಯ ಪಕ್ಕದಲ್ಲಿ ಎಲ್ಲವನ್ನೂ ರಾಶಿ ಹಾಕಿದ್ದಾರೆ. ಅದಕ್ಕೆ ಅವರು ಇಟ್ಟ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ಆತ್ಮಸಾಕ್ಷಿಯ ರಾಶಿ.

ಇದನ್ನೆಲ್ಲ ಪುಟ್ಟಿಗೆ ಕನ್ನಡದಲ್ಲಿ ವಿವರಿಸಿ ಹೇಳಿದ್ದು ನಾನು. ಅದಾಗಿ ಎರಡು ಮೂರು ಗಂಟೆಯೊಳಗೆ ಅವಳು ಒಂದು ಕಲ್ಲನ್ನು ಜೇಬಿಗೆ ಹಾಕಿಕೊಂಡಿದ್ದಳು.

ಮೋಟೆಲ್ ಇದ್ದದ್ದು ಕ್ಯಾನ್ಯನ್ ಡಿ ಶೇ ಬಾಗಿಲಿನಲ್ಲಿರುವ ಚಿನ್‌ಲೀ ಊರಿನಲ್ಲಿ. ಪಾರ್ಕಿನಿಂದ ಸುಮಾರು 150 ಕಿ.ಮೀ. ದೂರ ಬಂದಾಗಿತ್ತು. ನವಾಹೊ ನಾಡಿನಲ್ಲಿ ಬೇಸಿಗೆ ಕಾಲಮಾನ ಪಾಲಿಸುತ್ತಾರೆ, ಉಳಿದ ಅರಿಜೋನಾದವರು ಪಾಲಿಸುವುದಿಲ್ಲ. ಹಾಗಾಗಿ ನಮ್ಮ ಫೋನುಗಳು ದಾರಿಯಲ್ಲೇ ಒಂದು ಗಂಟೆ ಮುಂದೆ ಹಾರಿದ್ದವು. ಎಲ್ಲರಿಗೂ ನಿದ್ದೆ, ಹಸಿವು. ಅಂಥ ಹೊತ್ತಿನಲ್ಲಿ ನ್ಯಾಯಪಂಚಾಯಿತಿ.

"ಹೋಗ್ಲಿ ಬಿಡೆ, ಒಂದು ಚೂರು ಕಲ್ಲು," ಅಂದರು ಭಾವ. "ಅಲ್ಲಿ ಲಕ್ಷ ಬಿದ್ದಿವೆ. ದಿನಾ ಎಷ್ಟು ಜನ ತಗೊಂಡು ಹೋಗ್ತಾರೋ ಏನೋ."

"ಹಾಗಂತ ಕಲಿಸ್ತೀರಾ ಮಗೂಗೆ?" ಅಕ್ಕ ಅಂದಳು.

ಭಾವ ಹೇಳಿದ ಆ ಎರಡನೇ ವಾಕ್ಯದ ಬಗ್ಗೆ ಒಂದು ಅಧ್ಯಯನವೇ ಇದೆ, ಅದೂ ಅದೇ ಪಾರ್ಕಿನಲ್ಲಿ ನಡೆದದ್ದು. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಜೊತೆಗಾರರು ಕಾಲುದಾರಿಗಳಲ್ಲಿ ಗುರುತು ಮಾಡಿದ ಚೂರುಗಳನ್ನು ಇಟ್ಟು, ಬೇರೆ ಬೇರೆ ಫಲಕಗಳನ್ನು ನಿಲ್ಲಿಸಿ, ಎಷ್ಟು ಕಳ್ಳತನ ಆಗುತ್ತೆ ಅಂತ ಎಣಿಸಿದರು. ದಯವಿಟ್ಟು ತೆಗೆದುಕೊಂಡು ಹೋಗಬೇಡಿ ಅನ್ನುವ ಅರ್ಥದ ಫಲಕ ಇದ್ದಾಗ ಶೇ 1.67 ಚೂರುಗಳು ಹೋದವು. ಹಿಂದೆ ಬಂದವರು ಬಹಳಷ್ಟು ಜನ ತೆಗೆದುಕೊಂಡು ಹೋಗಿ ಈ ಕಾಡಿನ ಸ್ಥಿತಿಯೇ ಬದಲಾಗಿದೆ ಅನ್ನುವ ಅರ್ಥದ ಫಲಕ ಇದ್ದಾಗ ಶೇ 7.92. ಅಂದರೆ ಎರಡನೆಯದು ಎಚ್ಚರಿಕೆಯ ಫಲಕ, ಆದರೆ ಜನ ಅದನ್ನು ಅನುಮತಿಯ ಫಲಕ ಅಂತ ಓದಿಕೊಂಡರು. ಎಲ್ಲರೂ ಮಾಡ್ತಾರೆ ಅಂತ ತಿಳಿದ ಕ್ಷಣ ನಮ್ಮ ಕೈ ಸ್ವಲ್ಪ ಸಡಿಲ ಆಗುತ್ತದೆ.

ತಮಾಷೆ ಏನಂದರೆ, ಟನ್‌ಗಟ್ಟಲೆ ಕಳುವಾಗುತ್ತಿದೆ ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದ ಪಾರ್ಕಿನವರು, ಹಳೆಯ ಫೋಟೋಗಳನ್ನು ಹಿಡಿದುಕೊಂಡು ಅದೇ ಜಾಗಗಳಿಗೆ ಹೋಗಿ ನೋಡಿದಾಗ ಹೆಚ್ಚಿನ ಕಡೆ ಕಾಡು ಇದ್ದ ಹಾಗೇ ಇತ್ತು. ಬಹಳಷ್ಟು ಜನ ಕದಿಯುವುದಿಲ್ಲ. ನಾವು ಅಂದುಕೊಂಡಿದ್ದಕ್ಕಿಂತ ನಾವು ವಾಸಿ.

ಇದನ್ನು ಹೇಳಿ ನಾನು ದೊಡ್ಡ ಪಂಡಿತನ ಹಾಗೆ ಕೂತಿದ್ದೆ. ಆಗ ಪುಟ್ಟಿ ಮೂಗು ಒರೆಸಿಕೊಂಡು ಕೇಳಿದಳು:

"ಮಾಮ, ವಾಪಸ್ ಕೊಟ್ರೆ ಅವ್ರು ಆ ರಾಶಿಗೆ ಹಾಕ್ತಾರೆ ತಾನೇ? ಅದು ಇದ್ದ ಜಾಗಕ್ಕೆ ಹೋಗಲ್ಲ ಅಲ್ವಾ? ಮತ್ತೆ ಯಾಕೆ ಕೊಡ್ಬೇಕು?"

ಅಕ್ಕ ಸುಮ್ಮನಾದಳು. ಭಾವ ಟಿವಿ ರಿಮೋಟ್ ಹುಡುಕಿದರು. ನಾನು "ಬೆಳಿಗ್ಗೆ ಹೇಳ್ತೀನಿ, ಮಲ್ಕೋ" ಅಂದೆ.

ನನಗೆ ನಿದ್ದೆ ಬರಲಿಲ್ಲ. ಯಾಕಂದರೆ ಅದೇ ಪ್ರಶ್ನೆಯನ್ನು ನಾನು ಆರು ವರ್ಷದಿಂದ ನನ್ನ ಡ್ರಾಫ್ಟ್ಸ್ ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದೆ.

ಆಗ ನಾನು ಬೇರೊಂದು ಕಂಪನಿಯಲ್ಲಿದ್ದೆ. ನಮ್ಮ ಟೀಮಿಗೆ ಒಂದು ರಾತ್ರಿ ಬ್ಯಾಚ್ ಜಾಬ್ ತಲೆನೋವಾಗಿತ್ತು. ನಾಲ್ಕು ಗಂಟೆ ಓಡುತ್ತಿತ್ತು, ವಾರಕ್ಕೆ ಎರಡು ಸಲ ಬೀಳುತ್ತಿತ್ತು. ಬಿದ್ದರೆ ಬೆಳಗಿನ ಜಾವ ಮೂರಕ್ಕೆ ಯಾರಿಗೋ ಫೋನು. ನನ್ನ ಕೈಕೆಳಗಿದ್ದ, ಕೆಲಸಕ್ಕೆ ಸೇರಿ ಎರಡು ವರ್ಷ ಕೂಡ ಆಗಿರದ ಒಬ್ಬ ಹುಡುಗಿ, ಯಾರೂ ಹೇಳದೆ, ತನ್ನ ಸಮಯದಲ್ಲಿ ಅದನ್ನು ಬಿಚ್ಚಿ ನೋಡಿ, ಪೂರ್ತಿ ಬೇರೆ ರೀತಿಯಲ್ಲಿ ಬರೆದಳು. ನಲವತ್ತು ನಿಮಿಷಕ್ಕೆ ಇಳಿಯಿತು. ಬೀಳುವುದು ನಿಂತಿತು.

ಕ್ಲೈಂಟ್ ಎದುರು ಅದನ್ನು ತೋರಿಸಿದ್ದು ನಾನು. ಆಕೆ ಅವತ್ತು ರಜೆಯಲ್ಲಿದ್ದಳು. ನಾನು ಸುಳ್ಳು ಹೇಳಲಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ. "ನಾವು ಹೀಗೆ ಯೋಚಿಸಿದೆವು, ನಾವು ಹೀಗೆ ಮಾಡಿದೆವು" ಅಂದೆ. ಕ್ಲೈಂಟ್ ನನ್ನ ಹೆಸರು ಹಿಡಿದು ಹೊಗಳಿದರು. ಮ್ಯಾನೇಜರ್ ಬೆನ್ನು ತಟ್ಟಿದರು. ಆ ಹೊತ್ತಿಗೆ ಬಾಯಿ ತೆರೆದು ಒಂದು ಹೆಸರು ಹೇಳಿದ್ದರೆ ಸಾಕಿತ್ತು. ತೆರೆಯಲಿಲ್ಲ. ಆ ವರ್ಷ ನನಗೆ ಪ್ರಮೋಷನ್ ಬಂತು. ಆಕೆಯ ಅಪ್ರೈಸಲ್‌ನಲ್ಲಿ "ಇನ್ನಷ್ಟು ಉಪಕ್ರಮ ತೋರಿಸಬೇಕು" ಅಂತ ಬಂತು. ಆರು ತಿಂಗಳಿಗೆ ಕೆಲಸ ಬಿಟ್ಟಳು. ಹೋಗುವಾಗ ನನಗೆ ಏನೂ ಹೇಳಲಿಲ್ಲ. ಕೇಕ್ ಕಟ್ ಮಾಡಿದೆವು.

ನೀವು ಯಾವುದಾದರೂ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುತ್ತಿದ್ದರೆ ಈಗ ಏನು ಅಂದುಕೊಳ್ಳುತ್ತಿದ್ದೀರಿ ಅಂತ ಗೊತ್ತು. ಇದೇನು ಮಹಾ, ಇದು ದಿನಾ ನಡೆಯೋದೇ ಅಲ್ವಾ? ಹೌದು. ಅದೇ ಆ ಎರಡನೇ ಫಲಕ. ಶೇ 7.92.

ಆಮೇಲೆ ಮೇಲ್ ಬರೆದೆ. ಕಳಿಸಲಿಲ್ಲ. ಮತ್ತೆ ಬರೆದೆ. ಪ್ರತಿ ಸಲವೂ ಒಂದೇ ತರ್ಕ: ಈಗ ಹೇಳಿ ಏನು ಪ್ರಯೋಜನ? ಆ ಪ್ರಮೋಷನ್ ಆಕೆಗೆ ಹೋಗಲ್ಲ. ಆ ಅಪ್ರೈಸಲ್ ತಿದ್ದಲಿಕ್ಕಾಗಲ್ಲ. ಆಕೆ ಈಗ ಎಲ್ಲೋ ಚೆನ್ನಾಗಿದ್ದಾಳೆ. ಹಳೇ ಗಾಯ ಕೆದಕಿ ನಾನು ಹಗುರ ಆಗೋದು ಸ್ವಾರ್ಥ ಅಲ್ವಾ? ಈ ಕೊನೆಯ ವಾಕ್ಯ ನನಗೆ ಬಹಳ ಇಷ್ಟ ಆಗಿತ್ತು. ಸುಮ್ಮನಿರುವುದೇ ದೊಡ್ಡ ಗುಣ ಅನ್ನಿಸುವ ಹಾಗೆ ಮಾಡುತ್ತಿತ್ತು.

ಪುಟ್ಟಿ ಕೇಳಿದ್ದೂ ಅದನ್ನೇ. ಇದ್ದ ಜಾಗಕ್ಕೆ ಹೋಗಲ್ಲ ಅಂದಮೇಲೆ ಯಾಕೆ ಕೊಡ್ಬೇಕು?

ಮರುದಿನ ಬೆಳಿಗ್ಗೆ ಕ್ಯಾನ್ಯನ್ ಡಿ ಶೇ ಒಳಗೆ ಇಳಿದೆವು. ಮೇಲಿನ ಅಂಚಿನ ರಸ್ತೆಯಲ್ಲಿ ಯಾರು ಬೇಕಾದರೂ ಹೋಗಬಹುದು. ತಳಕ್ಕೆ ಇಳಿಯಬೇಕಾದರೆ ನವಾಹೊ ಮಾರ್ಗದರ್ಶಿಯ ಜೊತೆಯಲ್ಲೇ ಹೋಗಬೇಕು. ಯಾಕಂದರೆ ಇದು ರಾಷ್ಟ್ರೀಯ ಸ್ಮಾರಕ ಆದರೂ, ನೆಲ ನವಾಹೊ ಜನರದ್ದು. ಅವರು ತಮ್ಮನ್ನು ಕರೆದುಕೊಳ್ಳುವುದು ದಿನೆ ಅಂತ. ಇವತ್ತಿಗೂ ಕೆಲವು ಕುಟುಂಬಗಳ ಹೊಲ, ಮನೆ ಆ ಕಣಿವೆಯ ಒಳಗಿವೆ. ಜೀಪು ಮರಳಿನಲ್ಲಿ, ತೆಳ್ಳಗಿನ ನೀರಿನಲ್ಲಿ ಓಲಾಡಿಕೊಂಡು ಹೋಗುತ್ತಿತ್ತು. ಎರಡೂ ಕಡೆ ಕೆಂಪು ಗೋಡೆಗಳು ಏಳುತ್ತಾ ಏಳುತ್ತಾ ಆಕಾಶವನ್ನು ಒಂದು ಓಣಿಯಷ್ಟು ಮಾಡಿಬಿಟ್ಟವು. ಕೆಳಗೆ ಕಾಟನ್‌ವುಡ್ ಮರಗಳ ಎಲೆಯೆಲ್ಲ ಹಳದಿ. ಗೋಡೆಯ ಬಿರುಕುಗಳಲ್ಲಿ ನೂರಾರು ವರ್ಷ ಹಿಂದಿನ ಪುಯೆಬ್ಲೊ ಜನರ ಮನೆಗಳು ಗುಬ್ಬಿಗೂಡಿನ ಹಾಗೆ ಕೂತಿವೆ.

ನಮ್ಮ ಮಾರ್ಗದರ್ಶಿ ಅರವತ್ತು ದಾಟಿದ ಹೆಂಗಸು. ಕಡಿಮೆ ಮಾತು. ಒಂದು ಕಡೆ ಜೀಪು ನಿಲ್ಲಿಸಿ, ಬೇಲಿಯೊಳಗಿದ್ದ ಕೆಲವು ಗಿಡ್ಡ ಮರ ತೋರಿಸಿ "ಪೀಚ್" ಅಂದರು. ಆಮೇಲೆ ಕಥೆ ಹೇಳಿದರು.

1864ರಲ್ಲಿ ಅಮೆರಿಕದ ಸೈನ್ಯ ದಿನೆ ಜನರನ್ನು ಈ ನೆಲದಿಂದ ಎಬ್ಬಿಸಲು ಕಣಿವೆಗೆ ಬಂತು. ಕಿಟ್ ಕಾರ್ಸನ್ ಮುಂದಾಳತ್ವ. ಹೊಲ ಸುಟ್ಟರು, ಕುರಿ ಕೊಂದರು, ಜನ ಹಸಿವಿನಿಂದ ಶರಣಾದರು. ಆ ವರ್ಷ ಕಣಿವೆಯೊಳಗಿನ ಸಾವಿರಾರು ಪೀಚ್ ಮರಗಳನ್ನು ಕಡಿದು ಹಾಕಿದರು. ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 500 ಕಿ.ಮೀ. ದೂರ ನ್ಯೂ ಮೆಕ್ಸಿಕೋದ ಬಾಸ್ಕಿ ರೆಡಾಂಡೊವರೆಗೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರು, ಅಲ್ಲಿನ ಉಪ್ಪುನೀರು ಕುಡಿದು ಸತ್ತವರು ಬಹಳ. 1868ರಲ್ಲಿ ಸರ್ಕಾರಕ್ಕೇ ಈ ಏರ್ಪಾಡು ಸಾಕಾಯಿತು. ಜನರಲ್ ಶರ್ಮನ್ ಮಾತುಕತೆಗೆ ಬಂದರು. ಇವರನ್ನು ಇನ್ನೂ ಪೂರ್ವಕ್ಕೆ, ಇಂದಿನ ಓಕ್ಲಹೋಮಾ ಕಡೆಗೆ ಕಳಿಸುವ ಆಲೋಚನೆ ಅವರಲ್ಲಿತ್ತು. ದಿನೆ ಜನರ ಪರವಾಗಿ ಮಾತಾಡಿದ ಬಾರ್ಬನ್ಸೀಟೊ ಒಪ್ಪಲಿಲ್ಲ. ಬೇರೆ ಒಳ್ಳೆಯ ನೆಲ ಬೇಡ, ನಮ್ಮ ನೆಲ ಬೇಕು ಅನ್ನುವುದು ಅವರ ಪಟ್ಟು. ಜೂನ್ 1ರಂದು ಒಪ್ಪಂದ ಆಯಿತು, ಜನ ನಡೆದುಕೊಂಡೇ ವಾಪಸ್ ಬಂದರು.

ಬಂದಾಗ ಪೀಚ್ ಮರಗಳು ಇರಲಿಲ್ಲ. ಸತ್ತವರು ಇರಲಿಲ್ಲ. ನೆಲವೂ ಮೊದಲಿನಷ್ಟು ಇರಲಿಲ್ಲ, ಒಪ್ಪಂದದಲ್ಲಿ ಸಿಕ್ಕಿದ್ದು ಹಳೆಯ ನಾಡಿನ ಒಂದು ಭಾಗ ಮಾತ್ರ.

ಪುಟ್ಟಿಯ ಕಲ್ಲಿಗೂ, ನನ್ನ ಆಫೀಸ್ ಕಥೆಗೂ ಇದನ್ನು ಹೋಲಿಸುವುದು ಅಪಚಾರ ಅಂತ ಗೊತ್ತು. ಆ ನೋವಿನ ಪಕ್ಕದಲ್ಲಿ ನಮ್ಮವು ಲೆಕ್ಕಕ್ಕೇ ಬರೋದಿಲ್ಲ. ಹೋಲಿಸುತ್ತಿಲ್ಲ. ಆದರೆ ಹಿಂದಿರುಗಿಸುವುದು ಅಂದರೆ ಏನು ಅನ್ನುವ ಪ್ರಶ್ನೆಯನ್ನು ತಲೆಯಲ್ಲಿ ತುಂಬಿಕೊಂಡು ಆ ಬೇಲಿಯ ಮುಂದೆ ನಿಂತಿದ್ದೆನಲ್ಲ, ಎರಡು ವಿಷಯ ಕಣ್ಣಿಗೆ ಬಿದ್ದವು.

ಮೊದಲನೆಯದು, ಎಲ್ಲವೂ ಮೊದಲಿನ ಹಾಗಾಗಲ್ಲ ಅನ್ನುವುದು ವಾಪಸ್ ಕೊಡದಿರುವುದಕ್ಕೆ ಕಾರಣ ಅಲ್ಲವೇ ಅಲ್ಲ. ಮರ ಹೋಯಿತು, ಜನ ಹೋದರು, ಇನ್ನು ನೆಲ ಕೊಟ್ಟು ಏನು ಪ್ರಯೋಜನ ಅಂತ ಯಾರಾದರೂ ಹೇಳಿದ್ದರೆ ಅದು ಎಂಥ ಮಾತಾಗುತ್ತಿತ್ತು? ಆ ಮಾತು ಆಡಲಿಕ್ಕೆ ಅನುಕೂಲ ಇರುವುದು ತೆಗೆದುಕೊಂಡವನಿಗೆ ಮಾತ್ರ. ಕಳೆದುಕೊಂಡವರು ಹಾಗೆ ಹೇಳಲಿಲ್ಲ. ಬಂದರು, ಮತ್ತೆ ಪೀಚ್ ನೆಟ್ಟರು.

ಎರಡನೆಯದು, ಏನನ್ನು ಹಿಂದಿರುಗಿಸಬೇಕು ಅಂತ ಹೇಳಿದ್ದು ಬಾರ್ಬನ್ಸೀಟೊ. ಶರ್ಮನ್ ಅಲ್ಲ. ತೆಗೆದುಕೊಂಡವರ ಲೆಕ್ಕದಲ್ಲಿ ಇನ್ನೊಂದು ಜಾಗ, ಅಲ್ಲಿ ನೀರಿದೆ, ಹುಲ್ಲಿದೆ, ಇನ್ನೇನು ಬೇಕು ಅನ್ನುವುದಿತ್ತು. ಕಳೆದುಕೊಂಡವರಿಗೆ ಬೇಕಿದ್ದದ್ದು ಒಂದು ನಿರ್ದಿಷ್ಟ ವಿಳಾಸ.

ವಿಳಾಸ. ಆಗ ಮ್ಯೂಸಿಯಂನ ಆ ಪತ್ರಗಳು ನೆನಪಾದವು. ಅವುಗಳಲ್ಲಿ ಪಶ್ಚಾತ್ತಾಪಕ್ಕೆ ಕೊರತೆ ಇಲ್ಲ. ಕಲ್ಲು ತಂದಮೇಲೆ ತಮಗೆ ಏನೇನಾಯಿತು ಅಂತ ಪುಟಗಟ್ಟಲೆ ಇದೆ. ನಾನು ಓದಿದವುಗಳಲ್ಲಿ ಇರದೇ ಇದ್ದದ್ದು ಒಂದೇ: ಇದು ಇಂಥ ದಾರಿಯಲ್ಲಿ, ಇಂಥ ತಿರುವಿನಲ್ಲಿ, ಇಂಥ ದಿಮ್ಮಿಯ ಎಡಗಡೆ ಇತ್ತು ಅನ್ನುವ ಮಾಹಿತಿ. ಬರೆದವರಿಗೆ ತಮ್ಮ ನೋವು ನೆನಪಿದೆ, ಕಲ್ಲಿನ ಜಾಗ ನೆನಪಿಲ್ಲ. ಅದಕ್ಕೇ ಆ ಕಲ್ಲುಗಳು ರಾಶಿ ಸೇರಿದವು.

ನನ್ನ ಡ್ರಾಫ್ಟ್ ಮೇಲ್‌ಗಳನ್ನು ಮನಸ್ಸಿನಲ್ಲೇ ಓದಿಕೊಂಡೆ. "ಆ ದಿನಗಳಲ್ಲಿ ನನ್ನಿಂದ ನಿಮಗೆ ಏನಾದರೂ ಬೇಸರ ಆಗಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ." ಎಷ್ಟು ಸಭ್ಯ ವಾಕ್ಯ! ಇದರಲ್ಲಿ ಏನಾಯಿತು ಅಂತ ಇಲ್ಲ. ಯಾವತ್ತು ಅಂತ ಇಲ್ಲ. ಯಾರ ಮುಂದೆ ಅಂತ ಇಲ್ಲ. ನಮ್ಮ ಭಾಷೆಯ ಕ್ಷಮಾಪಣೆಗಳನ್ನು ಒಮ್ಮೆ ಹತ್ತಿರದಿಂದ ನೋಡಿ. "ತಪ್ಪಾಯ್ತು" ಅನ್ನುತ್ತೇವೆ. ಮಳೆ ಆಯ್ತು, ಮದುವೆ ಆಯ್ತು, ಹಾಗೆಯೇ ತಪ್ಪೂ ಆಯ್ತು. ಮಾಡಿದವನು ಆ ವಾಕ್ಯದಲ್ಲಿ ಇಲ್ಲವೇ ಇಲ್ಲ. "ಹೊಟ್ಟೆಗೆ ಹಾಕ್ಕೊಳ್ಳಿ" ಅನ್ನುವುದಂತೂ ಇನ್ನೂ ಚೆನ್ನಾಗಿದೆ. ತಪ್ಪು ಮಾಡಿದವನು ನಾನು, ನುಂಗಬೇಕಾದವರು ನೀವು. ಆಡುವಾಗ ಇದನ್ನೆಲ್ಲ ಯಾರೂ ಯೋಚಿಸುವುದಿಲ್ಲ, ಸಣ್ಣಪುಟ್ಟದ್ದಕ್ಕೆ ಈ ಮಾತುಗಳು ಧಾರಾಳ ಸಾಕು. ಆದರೆ ನಿಜವಾಗಿ ಏನನ್ನೋ ಎತ್ತಿಕೊಂಡು ಹೋದಾಗ, "ತಪ್ಪಾಯ್ತು" ಅನ್ನುವುದು ವಿಳಾಸ ಇಲ್ಲದ ಪಾರ್ಸೆಲ್.

ಹಾಗಾದರೆ ಸ್ವಾರ್ಥದ ಪ್ರಶ್ನೆ? ಹೇಳಿ ಹಗುರ ಆಗುವುದು ಸ್ವಾರ್ಥ ಅಲ್ಲವೇ? ಕೆಲವು ಸಲ ಖಂಡಿತ ಹೌದು. ಕೆಲವು ಸತ್ಯಗಳನ್ನು ಎಷ್ಟೋ ವರ್ಷದ ಮೇಲೆ ತಂದು ಒಬ್ಬರ ಮಡಿಲಿಗೆ ಹಾಕುವುದು ಎರಡನೇ ಹಿಂಸೆ. ನನಗೆ ಸಿಕ್ಕ ಅಳತೆಗೋಲು ಇಷ್ಟು: ಈ ಮಾತಿನ ಖರ್ಚು ಯಾರ ತಲೆ ಮೇಲೆ ಬೀಳುತ್ತೆ? ಆಕೆಗೊಬ್ಬಳಿಗೆ ಗುಟ್ಟಾಗಿ ಮೇಲ್ ಬರೆದರೆ ನನಗೆ ಖರ್ಚೇ ಇಲ್ಲ. ಆಕೆಗೆ ಗೊತ್ತಿರುವುದನ್ನೇ ಆಕೆಗೆ ಹೇಳಿ, ಪರವಾಗಿಲ್ಲ ಅನ್ನಿಸಿಕೊಂಡು, ಹಾಯಾಗಿ ಮಲಗುತ್ತೇನೆ. ಕ್ಷಮಿಸುವ ಕೆಲಸವೂ ಆಕೆಯ ಪಾಲಿಗೆ. ಅದು ಸ್ವಾರ್ಥ. ಆದರೆ ನಾನು ಕದ್ದದ್ದು ಆಕೆಯ ಮನೆಯಿಂದಲ್ಲವಲ್ಲ. ಬೇರೆಯವರ ಮನಸ್ಸಿನಲ್ಲಿ ಆಕೆಗೆ ಸಲ್ಲಬೇಕಿದ್ದ ಒಂದು ಜಾಗವನ್ನು ಕದ್ದದ್ದು. ಆ ಮ್ಯಾನೇಜರ್‌ನ ಮನಸ್ಸಿನಲ್ಲಿ, ಆ ಕ್ಲೈಂಟ್‌ನ ಮನಸ್ಸಿನಲ್ಲಿ. ಕಲ್ಲು ವಾಪಸ್ ಹೋಗಬೇಕಾದ ವಿಳಾಸ ಅದು. ಅಲ್ಲಿಗೆ ಹೋಗಿ ಹೇಳಿದರೆ ನನಗೆ ಖರ್ಚಿದೆ. ಆರು ವರ್ಷ ನಾನು ಮುಂದೂಡಿದ್ದು ಆಕೆಯ ಗಾಯದ ಮೇಲಿನ ಕರುಣೆಯಿಂದ ಅಲ್ಲ, ಈ ಖರ್ಚಿನ ಭಯದಿಂದ.

ಜೀಪು ಮೇಲೆ ಬಂದಾಗ ಪುಟ್ಟಿಗೆ ಹೇಳಿದೆ, "ವಾಪಸ್ ಕೊಡೋಣ. ಆದ್ರೆ ಕೊಡುವಾಗ ಎಲ್ಲಿಂದ ತಗೊಂಡೆ ಅಂತ ಸರಿಯಾಗಿ ಹೇಳ್ಬೇಕು. ನೆನಪು ಮಾಡ್ಕೋ."

ಅವಳು ಕಾರಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಳು. ಆಮೇಲೆ ನನ್ನ ಫೋನಿನ ಫೋಟೋಗಳನ್ನು ಒಂದೊಂದಾಗಿ ತಳ್ಳುತ್ತಾ ಹೋದಳು. ಕ್ರಿಸ್ಟಲ್ ಫಾರೆಸ್ಟ್ ಕಾಲುದಾರಿಯ ಒಂದು ಫೋಟೋದಲ್ಲಿ ನಿಲ್ಲಿಸಿ, "ಇಲ್ಲಿ. ನೀನು ಅಮ್ಮಂದು ಫೋಟೋ ತೆಗೀತಿದ್ಯಲ್ಲ, ಆಗ. ಈ ಉದ್ದ ಮರದ ಹಿಂದೆ" ಅಂದಳು. ಆ ಕ್ರಿಸ್ಟಲ್ ಫಾರೆಸ್ಟ್‌ಗೂ ಒಂದು ಹಳೇ ಕಥೆ ಇದೆ. 19ನೇ ಶತಮಾನದ ಕೊನೆಯಲ್ಲಿ ದಿಮ್ಮಿಗಳೊಳಗಿನ ಹರಳು ಬೇಕು ಅಂತ ಅವುಗಳನ್ನು ಡೈನಮೈಟ್ ಇಟ್ಟು ಸಿಡಿಸುತ್ತಿದ್ದರು. ಆ ಲೂಟಿಯ ವಿರುದ್ಧ ಎದ್ದ ದನಿಗಳಿಂದಲೇ ಕೊನೆಗೆ 1906ರಲ್ಲಿ ಈ ಜಾಗಕ್ಕೆ ರಕ್ಷಣೆ ಸಿಕ್ಕಿತು.

ವಾಪಸ್ ಬರುವ ದಾರಿಯಲ್ಲಿ ಪಾರ್ಕಿನ ಉತ್ತರದ ಗೇಟಿನ ಹತ್ತಿರ ಇಳಿದೆವು. ಭಾವ ಗೊಣಗಲಿಲ್ಲ. ಪುಟ್ಟಿ ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಳು: ದಾರಿಯ ಹೆಸರು, ದಿನ, ಹೊತ್ತು, ಉದ್ದ ಮರದ ಹಿಂದೆ. ಕೆಳಗೆ ಮರದ ಚಿತ್ರ, ಕಲ್ಲು ಇದ್ದ ಜಾಗದಲ್ಲಿ ಒಂದು ಇಂಟು ಗುರುತು. ಕೊನೆಗೆ "ನಾನು ತೆಗೆದುಕೊಂಡೆ" ಅಂತ. ಸಾರಿ ಅಂತ ಬರೆಯಲು ಮರೆತಿದ್ದಳು. ನಾನು ಹೇಳಲಿಲ್ಲ.

ಕೌಂಟರಿನಲ್ಲಿದ್ದ ರೇಂಜರ್ ಬೈಯಲಿಲ್ಲ, ಮುದ್ದೂ ಮಾಡಲಿಲ್ಲ. ಹಾಳೆಯನ್ನು ಪೂರ್ತಿ ಓದಿದರು. ಥ್ಯಾಂಕ್ಸ್ ಹೇಳಿ ಕಲ್ಲನ್ನೂ ಹಾಳೆಯನ್ನೂ ಒಟ್ಟಿಗೆ ಒಂದು ಲಕೋಟೆಗೆ ಹಾಕಿದರು. ಅದು ಅದರ ಜಾಗಕ್ಕೆ ಹೋಗುತ್ತಾ ಅಂತ ಪುಟ್ಟಿ ಕೇಳಿದಳು. ಬಹುಶಃ ಇಲ್ಲ ಅಂದರು ಆತ, ನೇರವಾಗಿ. ಪುಟ್ಟಿ ತಲೆ ಆಡಿಸಿದಳು. ಕಾರಿಗೆ ಬಂದು ಚಿಪ್ಸ್ ಕೇಳಿದಳು.

ಬೆಂಗಳೂರಿಗೆ ಬಂದ ಮೇಲೆ ಡ್ರಾಫ್ಟ್ಸ್‌ನಲ್ಲಿದ್ದದ್ದನ್ನೆಲ್ಲ ಅಳಿಸಿದೆ. ಹೊಸದಾಗಿ ಎರಡು ಮೇಲ್ ಬರೆದೆ. ಮೊದಲನೆಯದು ಆಗಿನ ಮ್ಯಾನೇಜರ್‌ಗೆ. ಯಾವ ಕೆಲಸ, ಯಾವ ಮೀಟಿಂಗ್, ಕೋಡ್ ಬರೆದವರು ಯಾರು, ನಾನು ಏನು ಹೇಳಲಿಲ್ಲ. ಅಷ್ಟೇ. ಎರಡನೆಯದು ಆಕೆಗೆ. ಅದೇ ವಿವರ, ಮ್ಯಾನೇಜರ್‌ಗೆ ಬರೆದದ್ದರ ಪ್ರತಿ, ಮತ್ತು ಕೊನೆಯಲ್ಲಿ ಒಂದು ಪ್ರಶ್ನೆ: ಇದರಲ್ಲಿ ಇನ್ನೇನಾದರೂ ಸರಿ ಮಾಡಬೇಕು ಅಂತ ನಿಮಗೆ ಅನ್ನಿಸಿದರೆ ಹೇಳಿ, ಉತ್ತರಿಸಲೇಬೇಕು ಅಂತಿಲ್ಲ.

ಮ್ಯಾನೇಜರ್ ಹತ್ತು ನಿಮಿಷದಲ್ಲಿ ಉತ್ತರಿಸಿದರು. ಅದೆಲ್ಲ ಹಳೇ ಕಥೆ, ಬಿಡು, ಎಲ್ಲ ಟೀಮಲ್ಲೂ ಆಗೋದೇ, ಕಾಫಿಗೆ ಸಿಗೋಣ. ನಾನು ಅಂದುಕೊಂಡಿದ್ದ ಖರ್ಚು ಕೂಡ ಆಗಲಿಲ್ಲ. ಅದು ನನಗೆ ಸಮಾಧಾನ ತರಬೇಕಿತ್ತು, ತರಲಿಲ್ಲ. ಬಾಗಿಲು ತಟ್ಟಿದ್ದೇನೆ, ಒಳಗಿದ್ದವರಿಗೆ ಏನು ಬಂದಿದೆ ಅಂತಲೇ ಗೊತ್ತಾಗಲಿಲ್ಲ.

ಆಕೆಯಿಂದ ಒಂಬತ್ತು ದಿನ ಏನೂ ಬರಲಿಲ್ಲ. ಆ ಒಂಬತ್ತು ದಿನ ದಿನಕ್ಕೆ ನಲವತ್ತು ಸಲ ಫೋನ್ ನೋಡಿದೆ. ಹಗುರ ಆಗುವ ಹಕ್ಕು ನನಗಿದೆ ಅಂತ ಎಷ್ಟು ಗಟ್ಟಿಯಾಗಿ ನಂಬಿದ್ದೆ ಅಂತ ಆಗ ಗೊತ್ತಾಯಿತು. ಹತ್ತನೇ ದಿನ ಮೂರು ಸಾಲು ಬಂತು. ಆ ಅಪ್ರೈಸಲ್ ಆದ ಮೇಲೆ ಒಂದು ವರ್ಷ ತನಗೆ ಕೋಡಿಂಗೇ ಬರಲ್ಲ ಅಂದುಕೊಂಡಿದ್ದಳಂತೆ. ಹಳೇ ಪ್ರಾಜೆಕ್ಟಿನ ಆ ಕೆಲಸದ ಬಗ್ಗೆ, ತನ್ನ ಹೆಸರಿನಲ್ಲಿ, ಈಗಲಾದರೂ ಒಂದು ಲಿಂಕ್ಡ್‌ಇನ್ ಶಿಫಾರಸು ಬರೆದು ಹಾಕಿ ಅಂದಳು. ಕ್ಷಮಿಸಿದ್ದೇನೆ ಅಂತ ಬರೆದಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಬರೆದು ಹಾಕಿದೆ. ಒಂದು ವಾರ ಬಿಟ್ಟು, ಇದೆಲ್ಲದರ ಬಗ್ಗೆ ಒಂದು ಲೇಖನ ಬರೆಯಬಹುದಾ ಅಂತ ಕೇಳಿದೆ. ಕೇಳದೇ ಬರೆದಿದ್ದರೆ ಇನ್ನೊಂದು ಕಲ್ಲು ಎತ್ತಿಕೊಂಡ ಹಾಗಾಗುತ್ತಿತ್ತು.

"ಬರೀರಿ, ಪರವಾಗಿಲ್ಲ. ಹೆಸರು ಬೇಡ," ಅಂತ ಉತ್ತರ ಬಂತು. ಕೆಳಗೆ ಇನ್ನೊಂದು ಸಾಲು: "ಆದ್ರೆ ಈ ಸಲ 'ನಾವು' ಅಂತ ಬರೀಬೇಡಿ."